ಪರಾಂಗ್ ಲಾ ದಾರಿಯಲ್ಲಿ ಹೇರು ಕುದುರೆಗಳ ಜೊತೆ ಬಿಡಾರ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಹಳ್ಳಿಯಿಂದ ಹೊರಟು, ಸುಮಾರು 5,580 ಮೀಟರ್ ಎತ್ತರದ ಪರಾಂಗ್ ಲಾ ಎಂಬ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ದಾಟಿ, ಲಡಾಖ್‌ನ ತ್ಸೊ ಮೊರಿರಿ ಸರೋವರದ ದಂಡೆಯಲ್ಲಿರುವ ಕರ್ಜೋಕ್ ತಲುಪುವ ಚಾರಣದ ಬಗ್ಗೆ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಸ್ಪಿತಿಯ ಜನ ಲಡಾಖ್ ಮತ್ತು ಟಿಬೆಟ್‌ಗೆ ಹರಡಿರುವ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಜೊತೆಗಿನ ವ್ಯಾಪಾರಕ್ಕೆ ಕುದುರೆ ಹೊಡೆದುಕೊಂಡು ಹೋಗುತ್ತಿದ್ದ ಹಳೆಯ ದಾರಿ ಇದು. ಕಿಬ್ಬರ್ ಬಿಟ್ಟ ಮೇಲೆ ಏಳೆಂಟು ದಿನ ಊರಿಲ್ಲ, ಅಂಗಡಿಯಿಲ್ಲ. ಡೇರೆಯಿಂದ ಉಪ್ಪಿನವರೆಗೆ ಎಲ್ಲವೂ ಕುದುರೆಯ ಬೆನ್ನ ಮೇಲೆಯೇ ಬರಬೇಕು. ಹೇರು ಕುದುರೆಗಳ ಕೆಲಸ ಬಲ್ಲವರು ಮತ್ತು ಪಶುವೈದ್ಯರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಾವು ಆರು ಜನ ಹೋಗುತ್ತಿದ್ದೇವೆ. ಒಬ್ಬರು ಐದು ಕುದುರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಒಂಬತ್ತು ಬೇಕು ಎನ್ನುತ್ತಾರೆ. ಜೊತೆಗೆ ಕುದುರೆ ವಾಪಸು ಹೋಗುವ ದಿನಗಳ ಕೂಲಿಯನ್ನೂ ಕೇಳುತ್ತಾರೆ. ಯಾರನ್ನು ನಂಬಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ಒಂಬತ್ತು ಎಂದವರನ್ನು ನಂಬಿ. ಲೆಕ್ಕ ನೀವೇ ಹಾಕಿ ನೋಡಬಹುದು.

ನೀವು ಆರು ಜನ. ಮಾರ್ಗದರ್ಶಿ, ಅಡುಗೆಯವರು, ಒಬ್ಬ ಸಹಾಯಕ, ಇಬ್ಬರು ಕುದುರೆಯವರು ಸೇರಿದರೆ ಹನ್ನೊಂದು ಬಾಯಿ. ತಲೆಗೆ ದಿನಕ್ಕೆ 900 ಗ್ರಾಂ ಒಣ ದಿನಸಿ ಎಂದರೂ ಎಂಟು ದಿನಕ್ಕೆ 80 ಕೆ.ಜಿ. ಆಗುತ್ತದೆ. ಮಲಗುವ ನಾಲ್ಕು ಡೇರೆಗೆ 16 ಕೆ.ಜಿ., ಅಡುಗೆ ಮತ್ತು ಊಟದ ಡೇರೆಗೆ 25, ಪಾತ್ರೆ ಪಡಗಕ್ಕೆ 25, ಎರಡು ಸಣ್ಣ ಗ್ಯಾಸ್ ಸಿಲಿಂಡರ್‌ಗೆ 22. ನಿಮ್ಮ ಚೀಲ ತಲಾ 12 ಕೆ.ಜಿ.ಯಂತೆ 72, ಕೆಲಸದವರ ಚೀಲ ತಲಾ 8ರಂತೆ 40. ಹಗ್ಗ, ಔಷಧ, ಲಾಳದ ಸಾಮಾನು ಎಂದು ಇನ್ನೊಂದು 10. ಒಟ್ಟು 290 ಕೆ.ಜಿ. ಐದು ಕುದುರೆ ಸಾಕು ಎನ್ನುವವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ: ತಲಾ 58 ಕೆ.ಜಿ., ಸರಿಯಾಗಿಯೇ ಇದೆಯಲ್ಲ ಎಂದು.

ಆದರೆ ಕುದುರೆಗೂ ಊಟ ಬೇಕು. ಈ ದಾರಿಯ ಅರ್ಧದಷ್ಟು ಭಾಗದಲ್ಲಿ ಹುಲ್ಲು ತೀರಾ ವಿರಳ. ಕುದುರೆಯೊಂದಕ್ಕೆ ದಿನಕ್ಕೆ ಕಡೇಪಕ್ಷ 2 ಕೆ.ಜಿ. ಕಾಳು ಬೇಕು. ಹೋಗುವಾಗ ಎಂಟು ದಿನ, ಖಾಲಿ ಬೆನ್ನಿನಲ್ಲಿ ಬೇಗ ನಡೆದು ಕಿಬ್ಬರ್‌ಗೆ ಮರಳಲು ಐದು ದಿನ. ಹದಿಮೂರು ದಿನಕ್ಕೆ 26 ಕೆ.ಜಿ. ಆ ಕಾಳನ್ನೂ ಅದೇ ಕುದುರೆ ಹೊರಬೇಕು. ಬೆನ್ನ ಮೇಲೆ 60 ಕೆ.ಜಿ. ಎಂದು ಮಿತಿ ಹಾಕಿಕೊಂಡರೆ ನಿಮ್ಮ ಸಾಮಾನಿಗೆ ಉಳಿಯುವುದು 34 ಕೆ.ಜಿ. ಮಾತ್ರ. 290ನ್ನು 34ರಿಂದ ಭಾಗಿಸಿ: ಎಂಟೂವರೆ, ಅಂದರೆ ಒಂಬತ್ತು ಕುದುರೆ.

ಐದೇ ಕುದುರೆ ಹಿಡಿದರೆ ಹೇರು 84 ಕೆ.ಜಿ.ಗೆ ಏರುತ್ತದೆ. ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗೆ ಹಿಂಸೆಯಾಗದಂತೆ ತಡೆಯುವ 1965ರ ಕೇಂದ್ರ ನಿಯಮಗಳ ಪ್ರಕಾರ ತಟ್ಟು ಕುದುರೆಯ ಮೇಲೆ 70 ಕೆ.ಜಿ.ಗಿಂತ ಹೆಚ್ಚು ಹೇರುವಂತಿಲ್ಲ. ಹೇಸರಗತ್ತೆಗೆ 200, ಕತ್ತೆಗೆ 50. ದಿನಕ್ಕೆ ಒಂಬತ್ತು ಗಂಟೆ ಮೀರಿ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ಹೀಗಿರುವಾಗ ಐದು ಕುದುರೆಯವರು ಮಾಡುವ ಉಪಾಯ ಒಂದೇ, ಕಾಳನ್ನು ಊರಲ್ಲೇ ಬಿಟ್ಟು ಹೊರಡುವುದು. ನಾಲ್ಕನೆಯ ದಿನಕ್ಕೆ ಕುದುರೆಯ ಪಕ್ಕೆ ಒಳಸರಿಯುತ್ತದೆ, ಮೈ ಇಳಿದಂತೆ ಪಲ್ಲಣ (ಹೇರು ಕಟ್ಟುವ ಜೀನು) ಸಡಿಲಾಗಿ ಉಜ್ಜುತ್ತದೆ, ಬೆನ್ನು ಹುಣ್ಣಾಗುತ್ತದೆ. ನೀವು ಉಳಿಸಿದ ದುಡ್ಡನ್ನು ಕುದುರೆ ತನ್ನ ಮೈಯಿಂದ ಕೊಟ್ಟಂತಾಯಿತು.

ವಾಪಸು ದಿನಗಳ ಕೂಲಿ ನ್ಯಾಯವಾದದ್ದೇ. ನೀವು ಕರ್ಜೋಕ್‌ನಲ್ಲಿ ಜೀಪು ಹತ್ತಿ ಲೇಹ್‌ಗೆ ಹೊರಡುತ್ತೀರಿ. ಕುದುರೆಗಳು ಅದೇ ಪಾಸ್ ದಾಟಿ ಮನೆಗೆ ನಡೆಯಬೇಕು. ಮಾತುಕತೆಯ ದಿನವೇ ಕುದುರೆಯ ಸಂಖ್ಯೆ, ಹೋಗುವ ಮತ್ತು ಮರಳುವ ದಿನ, ಕಾಳು ಯಾರದು ಎಂಬ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ವರ್ಷ ಸವಾರಿ ಕಲಿತಿದ್ದೇನೆ. ನಡೆಯುವ ಬದಲು ಪೂರ್ತಿ ದಾರಿ ಕುದುರೆ ಮೇಲೆಯೇ ಹೋಗಬಹುದೇ? ನನ್ನ ತೂಕ 74 ಕೆ.ಜಿ. (ಮೈಸೂರಿನ ಓದುಗರು)

ಉತ್ತರ: ಪೂರ್ತಿ ದಾರಿ ಬೇಡ. ನೀವು ಕಲಿತದ್ದು ಬಹುಶಃ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಮೇಲೆ. ಕುಣಿಗಲ್ ಕುದುರೆ ಫಾರಂನಲ್ಲಿ ಬೆಳೆಯುತ್ತಿದ್ದಂಥ, ಐನೂರು ಕೆ.ಜಿ. ತೂಗುವ ಎತ್ತರದ ತಳಿ ಅದು. ಸ್ಪಿತಿಯ ಚಾಮುರ್ತಿ ಕುದುರೆ ಹೆಚ್ಚೆಂದರೆ ನಿಮ್ಮ ಎದೆಮಟ್ಟ, ತೂಕ 300 ಕೆ.ಜಿ. ಒಳಗೆ. ಗಿಡ್ಡ ಕಾಲು, ಗಟ್ಟಿ ಗೊರಸು, ದಟ್ಟ ರೋಮ, ತೆಳುಗಾಳಿಯಲ್ಲೂ ಏದುಸಿರಿಲ್ಲದೆ ಏರುವ ತಾಕತ್ತು. ನವೆಂಬರ್‌ನಲ್ಲಿ ರಾಂಪುರ ಬುಶಹರ್‌ನ ಲಾವಿ ಜಾತ್ರೆಯ ಹೊತ್ತಿಗೆ ಈ ತಳಿಯ ಪ್ರದರ್ಶನ, ಮಾರಾಟ ಇಂದಿಗೂ ನಡೆಯುತ್ತದೆ.

ಸವಾರ ಮತ್ತು ಜೀನು ಎರಡೂ ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು ಎಂಬುದು ಎಲ್ಲೆಡೆ ಪಾಲಿಸುವ ಅಳತೆ. 300 ಕೆ.ಜಿ. ಕುದುರೆಗೆ ಅದು 60. ಜೀನಿನ 10 ಕಳೆದರೆ ಸವಾರನಿಗೆ 50. ಐದು ಸಾವಿರ ಮೀಟರ್ ಎತ್ತರದಲ್ಲಿ, ಕಡಿದಾದ ಏರಿನಲ್ಲಿ ಈ ಅಂಕಿಯೂ ಜಾಸ್ತಿಯೇ. ಹೇರಿನ ಗಂಟು ಅಲ್ಲಾಡುವುದಿಲ್ಲ, ಅದರ ಭಾರ ಎರಡೂ ಪಕ್ಕಕ್ಕೆ ಹಂಚಿರುತ್ತದೆ. ದಣಿದ ಸವಾರ ಒಂದು ಕಡೆ ವಾಲುತ್ತಾನೆ, ಇಳಿಜಾರಿನಲ್ಲಿ ಕುದುರೆಯ ಹೆಗಲ ಮೇಲೆ ಕುಸಿಯುತ್ತಾನೆ. ಪಾರೆ ಚು ನದಿಯ ಅಗಲವಾದ ಸಮತಟ್ಟು ಪಾತ್ರದಲ್ಲಿ ಗಂಟೆ ಎರಡು ಗಂಟೆ ಕುಳಿತುಕೊಳ್ಳಿ, ಅದೂ ಹಗುರ ಸವಾರರಾದರೆ. ಏರು ಇಳಿವುಗಳಲ್ಲಿ ಕೆಳಗಿಳಿದು ನಡೆಯಿರಿ.

ಪ್ರಶ್ನೆ: ಕುದುರೆಗೆಂದು ಮನೆಯಿಂದ ಹತ್ತು ಕಿಲೋ ಹುರುಳಿ ಒಯ್ಯುವ ಆಸೆ. ಒಳ್ಳೆಯದಲ್ಲವೇ? (ಚಿತ್ರದುರ್ಗದ ಓದುಗರು)

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ಒಯ್ಯಬೇಡಿ. ಕುದುರೆಯ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ರೂಢಿಯ ಮೇವಿಗೆ ಹೊಂದಿಕೊಂಡಿರುತ್ತವೆ. ಹೊಸ ಕಾಳನ್ನು ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ರೂಢಿ ಮಾಡಿಸಬೇಕು. ಒಮ್ಮೆಲೇ ಕೊಟ್ಟರೆ ಹೊಟ್ಟೆಯಲ್ಲಿ ಅನಿಲ ತುಂಬಿ ಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಇನ್ನೊಂದು ತೊಡಕು: ಹುರುಳಿಯನ್ನು ಬೇಯಿಸಿಯೇ ಕೊಡಬೇಕು. 4,500 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಹುರುಳಿ ಬೇಯುವುದಿಲ್ಲ, ಗ್ಯಾಸ್ ಮಾತ್ರ ಮುಗಿಯುತ್ತದೆ.

ಸ್ಪಿತಿಯ ಕುದುರೆ ತಿಂದು ಬೆಳೆದದ್ದು ಅಲ್ಲಿಯ ಜವೆಗೋಧಿ ಮತ್ತು ಬಟಾಣಿ. ಅದನ್ನೇ ಕಿಬ್ಬರ್ ಅಥವಾ ಕಾಜಾದಲ್ಲಿ ಕೊಳ್ಳಿ. ಇಡೀ ಜವೆಗೋಧಿ ಒಂದಿಷ್ಟು ಹಾಗೇ ಲದ್ದಿಯಲ್ಲಿ ಹೊರಬರುತ್ತದೆ. ನುಚ್ಚು ಒಡೆಸಿ, ಇಲ್ಲವೇ ರಾತ್ರಿಯಿಡೀ ನೆನೆಹಾಕಿ. ನೆನೆಹಾಕಿದ ಪಾತ್ರೆ ಹೊರಗಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿರುತ್ತದೆ, ಅಡುಗೆ ಡೇರೆಯ ಒಳಗಿಡಿ. 2 ಕೆ.ಜಿ.ಯನ್ನು ಬೆಳಗ್ಗೆ ಸಂಜೆ ಎರಡು ಪಾಲು ಮಾಡಿ ಕೊಡಬೇಕು, ಒಂದೇ ಹೊತ್ತಿಗೆ ಸುರಿಯಬಾರದು. ಜೊತೆಗೆ ದಿನಕ್ಕೆ ಮುಷ್ಟಿಯ ಕಾಲುಭಾಗ, ಅಂದರೆ 25–30 ಗ್ರಾಂ ಉಪ್ಪು. ಬಿಡಾರ ತಲುಪಿದ ಕೂಡಲೇ ಮೊದಲು ನೀರು, ಆಮೇಲೆ ಹುಲ್ಲು. ಏದುಸಿರು ಪೂರ್ತಿ ಇಳಿದು ಒಂದು ಗಂಟೆಯಾದ ಮೇಲೆ ಕಾಳು. ಬೆವರಿದ ಕುದುರೆಗೆ ನೀರು ಕೊಡಬಾರದು ಎಂಬ ಹಳೆಯ ನಂಬಿಕೆ ಸರಿಯಲ್ಲ. ನೀರು ತಡೆದರೆ ಕರುಳಿನಲ್ಲಿ ಮೇವು ಒಣಗಿ ಕಟ್ಟಿಕೊಳ್ಳುತ್ತದೆ. ಹೇರು ಹೊತ್ತ ದಿನ 20ರಿಂದ 40 ಲೀಟರ್ ಕುಡಿಯುತ್ತವೆ, ದಾರಿಯಲ್ಲಿ ಸಿಕ್ಕ ಪ್ರತಿ ತೊರೆಯಲ್ಲೂ ನಿಲ್ಲಿಸಿ.

ಪ್ರಶ್ನೆ: ಬಿಡಾರದ ಜಾಗ ಆರಿಸುವುದು ಹೇಗೆ? ಮರವೇ ಇಲ್ಲದ ಕಡೆ ರಾತ್ರಿ ಕುದುರೆಗಳನ್ನು ಎಲ್ಲಿ ಕಟ್ಟುತ್ತಾರೆ? (ಶಿವಮೊಗ್ಗದ ಓದುಗರು)

ಉತ್ತರ: ನೋಟ ಚೆನ್ನಾಗಿದೆ ಎಂದು ಬಿಡಾರ ಹೂಡುವುದು ಚಾರಣಿಗರ ಅಭ್ಯಾಸ. ಕುದುರೆ ಜೊತೆಗಿದ್ದರೆ ಮೊದಲು ಹುಲ್ಲು, ಆಮೇಲೆ ನೀರು, ಮೂರನೆಯದು ಗಾಳಿಯ ಮರೆ. 300 ಕೆ.ಜಿ. ಕುದುರೆಗೆ ದಿನಕ್ಕೆ ಸುಮಾರು 6 ಕೆ.ಜಿ. ಒಣ ತೂಕದ ಮೇವು ಬೇಕು. ಗುಡ್ಡದ ಗಿಡ್ಡ ಹುಲ್ಲಿನಲ್ಲಿ ಅಷ್ಟನ್ನು ಮೇಯಲು ಹತ್ತು ಹನ್ನೆರಡು ಗಂಟೆಯಾದರೂ ಬೇಕಾಗುತ್ತದೆ. ಅದಕ್ಕೇ ಕುದುರೆಯವರು ಮಧ್ಯಾಹ್ನ ಎರಡಕ್ಕೆ ಬಿಡಾರ ಸೇರಬೇಕು ಎಂದು ಅವಸರ ಮಾಡುವುದು. ನೀವು ಫೋಟೊಗೆಂದು ನಿಂತ ಒಂದೊಂದು ಗಂಟೆಯೂ ಅವುಗಳ ಊಟದ ಹೊತ್ತು.

ಈ ದಾರಿಯಲ್ಲಿ ಥಲ್ತಕ್ ಬಳಿ ಮೇವು ಸಿಗುತ್ತದೆ. ಅಲ್ಲಿಂದ ಪರಿಲುಂಗ್ಬಿ ಕಮರಿಗೆ ಇಳಿದು ಹತ್ತಿ ಬೊರೊಗೆನ್ ಸೇರಿದರೆ ಬರೀ ಕಲ್ಲು. ಪಾಸ್ ದಾಟಿದ ಮೇಲಿನ ಖರ್ಸಾ ಗೊಂಗ್ಮಾ ಕೂಡ ಬರಡು. ಆ ಎರಡು ರಾತ್ರಿಗಳಿಗೆ ಕಾಳಿನ ಪಾಲು ಒಂದೂವರೆ ಪಟ್ಟು ಇಡುವುದು, ಸಾಧ್ಯವಾದರೆ ಕಿಬ್ಬರ್‌ನ ಒಣಹುಲ್ಲಿನ ಕಟ್ಟೊಂದನ್ನು ಒಯ್ಯುವುದು ಜಾಣತನ. ನಾರ್ಬು ಸುಮ್ದೊ ತಲುಪಿದರೆ ಹುಲ್ಲು ಸಿಗುತ್ತದೆ. ಅಲ್ಲಿ ಒಂದು ದಿನ ಪೂರ್ತಿ ನಿಂತು ಕುದುರೆಗಳನ್ನು ಮೇಯಲು ಬಿಡಿ. ಬಹಳ ಗುಂಪುಗಳು ಈ ವಿಶ್ರಾಂತಿಯ ದಿನವನ್ನು ಕಡಿದುಹಾಕುತ್ತವೆ, ಅದು ಸರಿಯಲ್ಲ. ಸರೋವರದ ದಕ್ಷಿಣ ತುದಿಯ ಕಿಯಾಂಗ್‌ಡೊಮ್‌ನಲ್ಲಿ ಹುಲ್ಲುಗಾವಲು ದೊಡ್ಡದು. ಆದರೆ ಅದು ಕಿಯಾಂಗ್ ಎಂಬ ಕಾಡುಕತ್ತೆಗಳ, ಅಲೆಮಾರಿ ಪಶುಪಾಲಕರಾದ ಚಾಂಗ್‌ಪಾ ಜನರ ಆಡು ಕುರಿಗಳ ಮೇವಿನ ನೆಲ. ಅಲ್ಲಿ ಚಾಂಗ್‌ಪಾ ಡೇರೆ ಕಂಡರೆ ಮೊದಲು ಹೋಗಿ ಕೇಳಿ, ಅವರು ತೋರಿಸಿದ ಕಡೆ ಮಾತ್ರ ಕುದುರೆ ಬಿಡಿ. ತ್ಸೊ ಮೊರಿರಿ 2002ರಿಂದ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿರುವ ಜೌಗುನೆಲ. ದಂಡೆಯ ಹಸಿ ನೆಲದಲ್ಲಿ ಹಕ್ಕಿಗಳು ಗೂಡು ಮಾಡುತ್ತವೆ, ಅದರ ಮೇಲೆ ಕುದುರೆ ಓಡಾಡಬಾರದು. ಸರೋವರದ ನೀರು ಉಪ್ಪುಪ್ಪಾಗಿರುತ್ತದೆ, ಕುಡಿಯಲು ತೊರೆ ಅಥವಾ ಒರತೆಯ ನೀರನ್ನೇ ಹುಡುಕಬೇಕು.

ನೀರಿನ ವ್ಯವಸ್ಥೆಗೆ ಒಂದೇ ನಿಯಮ: ಮೇಲ್ಗಡೆ ಮನುಷ್ಯರಿಗೆ, ಕೆಳಗಡೆ ಕುದುರೆಗಳಿಗೆ. ರಾತ್ರಿ ಕಟ್ಟುವ ಜಾಗ ನೀರಿನಿಂದ 60 ಮೀಟರ್ ದೂರವಿರಲಿ. ಹೊರಡುವ ಮುಂಚೆ ಲದ್ದಿಯನ್ನು ಕಾಲಿನಿಂದ ಚೆದುರಿಸಿ, ಗೊರಸು ಕೆದರಿದ ಗುಂಡಿ ಮುಚ್ಚಿ. ರಾಶಿಯಾಗಿ ಬಿಟ್ಟ ಲದ್ದಿ ಆ ಒಣ ಚಳಿಯಲ್ಲಿ ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಇನ್ನು ಕಟ್ಟುವುದು. ಮರವಿಲ್ಲದ ಕಡೆ ನೆಲದ ಸಾಲುಹಗ್ಗವೇ ದಾರಿ. 12 ಮಿ.ಮೀ. ದಪ್ಪದ ಹಗ್ಗವನ್ನು ಎರಡು ಮೂರು ಕಬ್ಬಿಣದ ಗೂಟಗಳ ನಡುವೆ ನೆಲಕ್ಕೆ ತಾಗುವಂತೆ ಬಿಗಿದು, ಮೂರು ಮೀಟರ್‌ಗೆ ಒಂದರಂತೆ ಕುದುರೆಯ ಮುಂಗಾಲನ್ನು ಅಗಲವಾದ ಪಟ್ಟಿಯಿಂದ ಅದಕ್ಕೆ ಕಟ್ಟುತ್ತಾರೆ. ಗೂಟ ಅರ್ಧ ಮೀಟರ್ ಉದ್ದವಿರಬೇಕು. ನದಿ ಪಾತ್ರದ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಗೋಣಿಗೆ ಕಲ್ಲು ತುಂಬಿ, ಮೊಣಕಾಲು ಆಳದ ಗುಂಡಿಯಲ್ಲಿ ಹೂತು, ಅದಕ್ಕೆ ಹಗ್ಗ ಬಿಗಿಯಿರಿ. ಮೇಯುವ ಹೊತ್ತಿನಲ್ಲಿ ಎರಡು ಮುಂಗಾಲುಗಳನ್ನು ಗೇಣುದ್ದ ಬಿಟ್ಟು ಜೋಡಿಸುವ ಕಾಲ್ಕಟ್ಟು ಹಾಕುತ್ತಾರೆ. ಸಣ್ಣ ನೈಲಾನ್ ಹಗ್ಗದ ಕಾಲ್ಕಟ್ಟು ಚರ್ಮ ಕೊಯ್ಯುತ್ತದೆ. ಹೆಣೆದ ಉಣ್ಣೆ ಅಥವಾ ಮೆತ್ತೆ ಹಾಕಿದ ಚರ್ಮದ್ದೇ ಆಗಬೇಕು. ಕಾಲ್ಕಟ್ಟು ಹಾಕಿದರೂ ಕುದುರೆ ಕುಪ್ಪಳಿಸುತ್ತ ರಾತ್ರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗಬಲ್ಲದು, ಅದೂ ಮನೆಯ ದಿಕ್ಕಿಗೇ. ಹಿಂಡಿನ ಹಿರಿಯ ಹೆಣ್ಣು ಕುದುರೆಯ ಕೊರಳಿಗೆ ಗಂಟೆ ಕಟ್ಟಿ ಅದನ್ನು ಮಾತ್ರ ಭದ್ರವಾಗಿ ಕಟ್ಟಿದರೆ ಉಳಿದವು ಸಾಮಾನ್ಯವಾಗಿ ದೂರ ಸರಿಯುವುದಿಲ್ಲ. ನಿಮ್ಮ ಡೇರೆಯನ್ನು ಕುದುರೆಗಳು ಬಂದ ದಾರಿಯ ಬದಿಗೆ ಹೂಡಿ. ಮರಳಿ ಓಡುವ ಕುದುರೆ ನಿಮ್ಮನ್ನು ದಾಟಿಯೇ ಹೋಗಬೇಕಾಗುತ್ತದೆ.

ಮರಿಗಳಿದ್ದರೆ ಇನ್ನೂ ಎಚ್ಚರ. ದಾರಿಯ ಮೊದಲ ಭಾಗ 1992ರಲ್ಲಿ ಘೋಷಣೆಯಾದ ಕಿಬ್ಬರ್ ವನ್ಯಧಾಮಕ್ಕೆ ಸೇರಿದ್ದು, ಹಿಮಚಿರತೆ ಮತ್ತು ತೋಳ ಇರುವ ನೆಲ. ಬಿಟ್ಟ ಮರಿಗಳು ಅವಕ್ಕೆ ಬಲಿಯಾಗುತ್ತವೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಕಿಬ್ಬರ್ ಜನರ ಜೊತೆ ಸೇರಿ 2002ರಲ್ಲಿ ಜಾನುವಾರು ವಿಮೆ ಶುರುಮಾಡಿದ್ದು ಈ ನಷ್ಟದ ಕಾರಣಕ್ಕೇ, ನಷ್ಟವಾದವರು ಹಿಮಚಿರತೆಯ ಮೇಲೆ ಸೇಡು ತೀರಿಸಿಕೊಳ್ಳದಿರಲಿ ಎಂದು.

ಪ್ರಶ್ನೆ: ನಮ್ಮ ಕಳೆದ ಚಾರಣದಲ್ಲಿ ದಿನಕ್ಕೆ ಮೂರು ಸಲ ಹೇರು ಜಾರಿ ಬೀಳುತ್ತಿತ್ತು. ಕಾರಣವೇನು? ಸರಿಯಾಗಿ ಕಟ್ಟುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಹೇರು ಜಾರಲು ಬಹುತೇಕ ಎರಡೇ ಕಾರಣ: ಎರಡು ಪಕ್ಕದ ತೂಕ ಸಮವಿಲ್ಲದಿರುವುದು, ಮತ್ತು ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿದು ಮರೆತುಬಿಡುವುದು.

ಒಂದು ಕೊಕ್ಕೆ ತಕ್ಕಡಿ ಜೊತೆಗಿಡಿ, ಬರೀ ನೂರು ಗ್ರಾಂ ಭಾರದ ಆ ಸಾಧನ ದೊಡ್ಡ ಉಪಕಾರ ಮಾಡುತ್ತದೆ. ಎಡ ಬಲದ ಮೂಟೆಗಳ ವ್ಯತ್ಯಾಸ ಒಂದು ಕೆ.ಜಿ. ಒಳಗಿರಲಿ. ಆಕಾರವೂ ಸಮನಾಗಿರಬೇಕು; ಒಂದು ಕಡೆ ಸಣ್ಣ ಸಿಲಿಂಡರ್, ಇನ್ನೊಂದು ಕಡೆ ಅದೇ ತೂಕದ ಉಬ್ಬಿದ ಮಲಗುಚೀಲ ಇದ್ದರೆ ಭಾರದ ಕೇಂದ್ರ ಬೇರೆ ಬೇರೆ ಎತ್ತರದಲ್ಲಿ ಕೂತು ಪಲ್ಲಣ ತಿರುಗುತ್ತದೆ. ಸಿಲಿಂಡರ್ ಎದುರು ಸಿಲಿಂಡರ್, ಕಾಳಿನ ಗೋಣಿ ಎದುರು ಕಾಳಿನ ಗೋಣಿ. ಭಾರವಾದದ್ದು ಮೂಟೆಯ ಕೆಳಗೆ ಮತ್ತು ಕುದುರೆಯ ಮೈಗೆ ಹತ್ತಿರ. ಪಾತ್ರೆಯ ಅಂಚು, ಒಲೆಯ ಕಾಲು ಪಕ್ಕೆಲುಬಿಗೆ ಚುಚ್ಚದಂತೆ ನಡುವೆ ಬಟ್ಟೆಯ ಚೀಲ ಇಡಿ. ಬೆನ್ನ ನಡುವೆ ಮೇಲೆ ಇಡುವ ಗಂಟು ಹಗುರವಾಗಿರಬೇಕು: ಚಾಪೆ, ಡೇರೆ ಬಟ್ಟೆ, ಅಷ್ಟೆ.

ಕಟ್ಟುವ ಮೊದಲು ಅಂಗೈಯಿಂದ ಬೆನ್ನು, ಹೆಗಲು, ಹೊಟ್ಟೆಪಟ್ಟಿಯ ಜಾಗ ಸವರಿ. ಒಂದು ಮುಳ್ಳು, ಒಣಗಿದ ಬೆವರಿನ ಗಟ್ಟಿ ಉಳಿದರೂ ಸಂಜೆಗೆ ಗಾಯ. ಮಡಿಸಿದ ಕಂಬಳಿಯನ್ನು ಮುಂದಿನಿಂದ ಹಾಕಿ ಕೂದಲು ಮಲಗಿರುವ ದಿಕ್ಕಿಗೆ ಹಿಂದಕ್ಕೆ ಎಳೆಯಿರಿ. ಕಂಬಳಿಯ ನಡುಭಾಗವನ್ನು ಬೆನ್ನೆಲುಬಿನ ಮೇಲೆ ಸ್ವಲ್ಪ ಎತ್ತಿ ಬಿಟ್ಟರೆ ಗಾಳಿ ಆಡುತ್ತದೆ. ಅದರ ಮೇಲೆ ಪಲ್ಲಣ. ಹೊಟ್ಟೆಪಟ್ಟಿ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಬರಬೇಕು. ಅದಕ್ಕಿಂತ ಮುಂದಿದ್ದರೆ ಕಂಕುಳ ಚರ್ಮ ಕಿತ್ತುಹೋಗುತ್ತದೆ. ಬಿಗಿಯುವಾಗ ಅನೇಕ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಆದ್ದರಿಂದ ಒಂದು ಸಲ ಬಿಗಿದು, ಹತ್ತು ಹೆಜ್ಜೆ ನಡೆಸಿ, ಮತ್ತೆ ಬಿಗಿದು, ಹೊರಟ ಇಪ್ಪತ್ತು ನಿಮಿಷದ ನಂತರ ಮೂರನೆಯ ಸಲ ನೋಡಬೇಕು. ಈ ಮೂರನೆಯದೇ ಎಲ್ಲರೂ ಮರೆಯುವುದು. ಎರಡು ಬೆರಳು ಕಷ್ಟಪಟ್ಟು ತೂರುವಷ್ಟು ಬಿಗಿ ಸಾಕು.

ಏರುವಾಗ ಹೇರು ಹಿಂದಕ್ಕೆ ಜಾರುತ್ತದೆ, ಅದನ್ನು ತಡೆಯುವುದು ಎದೆಪಟ್ಟಿ. ಇಳಿಯುವಾಗ ಮುಂದಕ್ಕೆ ನುಗ್ಗುತ್ತದೆ, ಅದನ್ನು ಹಿಡಿಯುವುದು ತೊಡೆಯ ಹಿಂದೆ ಸುತ್ತಿ ಬರುವ ಪಟ್ಟಿ. ಬಾಲದ ಬುಡಕ್ಕೆ ಸುತ್ತುವ ತೆಳು ಹಗ್ಗ ಮಾತ್ರ ಇರುವ ಪಲ್ಲಣವಾದರೆ ಉದ್ದ ಇಳಿಜಾರಿನಲ್ಲಿ ಬಾಲದಡಿ ಹಸಿ ಗಾಯವಾಗುತ್ತದೆ. ಬಾಡಿಗೆಗೆ ಗೊತ್ತುಮಾಡುವ ದಿನ ಬಾಲ ಎತ್ತಿ ನೋಡಿ. ಹಾಗೆಯೇ ಹೆಗಲ ಮೇಲೆ ಬಿಳಿ ಕೂದಲಿನ ಮಚ್ಚೆ ಹಳೆಯ ಹುಣ್ಣಿನ ಗುರುತು. ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ಆ ಗಾಯ ಇನ್ನೂ ಮಾಗಿಲ್ಲ ಎಂದರ್ಥ.

ಸಂಜೆ ಮೂಟೆ ಇಳಿಸಿದ ಮೇಲೆ ಪಟ್ಟಿ ಸಡಿಲಿಸಿ, ಕಂಬಳಿ ಪಲ್ಲಣಗಳನ್ನು ಕಾಲು ಗಂಟೆ ಹಾಗೇ ಬಿಡಿ, ಬಿಸಿ ಬೆನ್ನಿಗೆ ತಣ್ಣನೆ ಗಾಳಿ ಒಮ್ಮೆಲೇ ಬಡಿಯದಿರಲಿ. ತೆಗೆದಾಗ ಬೆವರಿನ ಗುರುತು ನೋಡಿ: ಸುತ್ತ ಒದ್ದೆಯಿದ್ದು ನಡುವೆ ರೂಪಾಯಿಯಗಲ ಒಣಗಿದ್ದರೆ ಅಲ್ಲಿ ಒತ್ತಡ ಬಿದ್ದು ರಕ್ತ ಹರಿದಿಲ್ಲ. ಮರುದಿನ ಆ ಕುದುರೆಯ ಹೇರು ಕಡಿಮೆ ಮಾಡಿ, ಆ ಜಾಗಕ್ಕೆ ಸರಿಯಾಗಿ ಕಂಬಳಿಯಲ್ಲಿ ತೂತು ಬರುವಂತೆ ಮಡಿಸಿ.

ಪ್ರಶ್ನೆ: ಹಿಮ ಮತ್ತು ನದಿ ದಾಟುವಾಗ ಕುದುರೆಗಳ ಜೊತೆ ಏನು ಎಚ್ಚರ ಬೇಕು? (ಬೆಳಗಾವಿಯ ಓದುಗರು)

ಉತ್ತರ: ಎರಡಕ್ಕೂ ಗಡಿಯಾರವೇ ಮುಖ್ಯ. ಪರಾಂಗ್ ಲಾದ ಉತ್ತರ ಮಗ್ಗುಲಲ್ಲಿ ಹಿಮನದಿ ಇದೆ. ಮುಂಜಾನೆ ಹಿಮ ಗಟ್ಟಿಯಾಗಿರುವಾಗ ಕುದುರೆ ಅದರ ಮೇಲೆ ನಡೆಯುತ್ತದೆ; ಬಿಸಿಲೇರಿದರೆ ಹೊಟ್ಟೆಮಟ್ಟ ಕಾಲು ಹೂತು ಒದ್ದಾಡಿ ಸ್ನಾಯು ಹರಿದುಕೊಳ್ಳುತ್ತದೆ. ನಾಲ್ಕಕ್ಕೆ ಎದ್ದು ಹೇರು ಕಟ್ಟಿ, ಒಂಬತ್ತರೊಳಗೆ ಹಿಮ ದಾಟಿಬಿಡಬೇಕು. ಬಿರುಕು ಮುಚ್ಚಿಕೊಂಡಿರಬಹುದಾದ ಕಡೆ ಒಬ್ಬರು ಕೋಲಿನಿಂದ ಚುಚ್ಚುತ್ತ ಮುಂದೆ, ಕುದುರೆಗಳು ಒಂದರ ಹೆಜ್ಜೆಯಲ್ಲಿ ಇನ್ನೊಂದು. ನುಣುಪಾದ ಹಳೆಯ ಲಾಳ ಮಂಜುಗಡ್ಡೆಯ ಮೇಲೆ ಜಾರುತ್ತದೆ. ಲಾಳ ಹೊಡೆಸಿ ಆರು ವಾರ ದಾಟಿದ್ದರೆ ಕಿಬ್ಬರ್‌ನಲ್ಲೇ ಬದಲಿಸಿ, ಹಿಂದಿನ ಮುಂದಿನ ಕಾಲಿಗೆ ಎರಡೆರಡು ಹೆಚ್ಚುವರಿ ಲಾಳ, ಮೊಳೆ, ಸುತ್ತಿಗೆ, ಅರ ಒಯ್ಯಿರಿ.

ಪಾರೆ ಚುವನ್ನು ನಾರ್ಬು ಸುಮ್ದೊ ಬಳಿ ದಾಟಬೇಕು. ಇದು ಮುಂದೆ ಟಿಬೆಟ್ ಹೊಕ್ಕು, ಮತ್ತೆ ಭಾರತಕ್ಕೆ ಬಂದು ಸುಮ್ದೊದಲ್ಲಿ ಸ್ಪಿತಿ ನದಿ ಸೇರುವ ಹೊಳೆ. ಹಿಮ ಕರಗಿದ ನೀರಾದ್ದರಿಂದ ಸಂಜೆಗೆ ಉಕ್ಕಿ, ರಾತ್ರಿಯ ಚಳಿಗೆ ಇಳಿಯುತ್ತದೆ. ಸಂಜೆ ತಲುಪಿದರೆ ಈಚೆ ದಡದಲ್ಲೇ ಮಲಗಿ, ಬೆಳಗ್ಗೆ ದಾಟಿ. ಒಂದೇ ಧಾರೆಯಾಗಿ ಹರಿಯುವ ಕಡೆ ಆಳ ಹೆಚ್ಚು. ನಾಲ್ಕಾರು ಕವಲಾಗಿ ಹರಡಿರುವ ಕಡೆ ಹುಡುಕಿ. ನೀರು ಕುದುರೆಯ ಹೊಟ್ಟೆಗೆ ತಾಗಿದರೆ ಅಲ್ಲಿಗೆ ಮಿತಿ. ಹೇರು ಕುದುರೆಗಳನ್ನು ಒಂದಕ್ಕೊಂದು ಕಟ್ಟಿ ನೀರಿಗಿಳಿಸಬೇಡಿ, ಒಂದು ಜಾರಿದರೆ ಸಾಲೇ ಹೋಗುತ್ತದೆ. ಮೇಲೆ ಕುಳಿತು ದಾಟುವವರು ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿ, ರಿಕಾಪಿನಲ್ಲಿ ಬೆರಳ ತುದಿ ಮಾತ್ರ ಇಟ್ಟು, ನೀರನ್ನು ನೋಡದೆ ಆಚೆ ದಡ ನೋಡಬೇಕು. ಸವಾರನನ್ನು ಜೀನಿಗೆ ಕಟ್ಟುವುದು ಪ್ರಾಣಾಪಾಯ. ಮಲಗುಚೀಲ, ದಿನಸಿಯನ್ನು ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿರಬೇಕು ಎಂಬುದನ್ನು ಹೇಳಬೇಕಿಲ್ಲ.

ಪ್ರಶ್ನೆ: ನಾವು ಡೆನ್ವರ್‌ನಲ್ಲಿದ್ದೇವೆ. ಸ್ನೇಹಿತರ ಕುದುರೆಗಳೊಂದಿಗೆ ಕೊಲೊರಾಡೊ ಪರ್ವತದಲ್ಲಿ ಎರಡು ರಾತ್ರಿ ಬಿಡಾರ ಮಾಡುವ ಯೋಚನೆ. ಅಲ್ಲಿ ಮರಗಳಿವೆ, ನೇರವಾಗಿ ಮರಕ್ಕೆ ಕಟ್ಟಬಹುದಲ್ಲ? (ಡೆನ್ವರ್‌ನ ಓದುಗರು)

ಉತ್ತರ: ಮರಕ್ಕೆ ಕಟ್ಟಿದ ಕುದುರೆ ರಾತ್ರಿಯೆಲ್ಲ ಬುಡ ಕೆದರಿ ಬೇರು ಬಯಲು ಮಾಡುತ್ತದೆ, ತೊಗಟೆ ಕಡಿಯುತ್ತದೆ. ಎರಡು ದಪ್ಪ ಮರಗಳಿಗೆ ಐದು ಸೆಂ.ಮೀ. ಅಗಲದ ಪಟ್ಟಿ ಸುತ್ತಿ, ನಡುವೆ ಏಳಡಿ ಎತ್ತರದಲ್ಲಿ ಹಗ್ಗವನ್ನು ಜಗ್ಗಿ ಬಿಗಿಯಿರಿ. ಕುದುರೆಗಳ ನಡುವೆ ಎಂಟರಿಂದ ಹತ್ತು ಅಡಿ, ಕೊನೆಯ ಕುದುರೆ ಮತ್ತು ಮರದ ನಡುವೆ ಆರಡಿ ಬಿಡಿ. ಪ್ರತಿ ಕುದುರೆಯ ಹಗ್ಗ ಜಾರಿ ಪಕ್ಕದ ಕುದುರೆಯ ಬಳಿ ಹೋಗದಂತೆ ಆ ಜಾಗದಲ್ಲಿ ಕುಣಿಕೆ ಗಂಟು ಹಾಕಬೇಕು. ಮುಖದ ಹಗ್ಗ ನೆಲಕ್ಕಿಂತ ಎರಡಡಿ ಮೇಲಿರುವಷ್ಟೇ ಉದ್ದವಿರಲಿ. ಹೆಚ್ಚಾದರೆ ಕಾಲು ಸಿಕ್ಕಿಕೊಳ್ಳುತ್ತದೆ.

ಕೊಲೊರಾಡೊದ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜವಿಲ್ಲ ಎಂದು ಪ್ರಮಾಣಿತವಾದ ಹುಲ್ಲನ್ನೇ ಒಯ್ಯಬೇಕು. ಬೀಜ ಲದ್ದಿಯ ಮೂಲಕವೂ ಹರಡುವುದರಿಂದ ಮೂರು ದಿನ ಮುಂಚಿನಿಂದಲೇ ಅದೇ ಹುಲ್ಲು ಹಾಕಿ. ಕುದುರೆಯನ್ನು 75 ಮೈಲಿಗಿಂತ ದೂರ ಸಾಗಿಸುವುದಿದ್ದರೆ ಆ ರಾಜ್ಯದಲ್ಲಿ ಬ್ರಾಂಡ್ ತಪಾಸಣೆಯ (ಕುದುರೆ ಯಾರದೆಂದು ಖಚಿತಪಡಿಸುವ) ಕಾಗದ ಬೇಕು. ಕಾಳಿನ ವಾಸನೆಗೆ ಕರಡಿ ಬರುತ್ತದೆ. ಅದನ್ನೂ ನಿಮ್ಮ ಊಟದ ಹಾಗೆಯೇ ಕರಡಿ ತೆರೆಯಲಾರದ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಸಾಮಾನ್ಯ, ಹನ್ನೆರಡರೊಳಗೆ ಏರುದಾರಿ ಬಿಟ್ಟು ಕಾಡಿನ ಮಟ್ಟಕ್ಕೆ ಇಳಿದಿರಬೇಕು.

ಪ್ರಶ್ನೆ: ದಾರಿಯಲ್ಲಿ ಕುದುರೆಗೆ ಕಾಯಿಲೆಯಾದರೆ ಗುರುತಿಸುವುದು ಹೇಗೆ? ಔಷಧ ಪೆಟ್ಟಿಗೆಯಲ್ಲಿ ಏನಿರಬೇಕು? (ತುಮಕೂರಿನ ಓದುಗರು)

ಉತ್ತರ: ಹೊರಡುವ ಮುನ್ನ ಪ್ರತಿ ಕುದುರೆಯ ಸಹಜ ಅಂಕಿ ಬರೆದಿಡಿ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28–44, ಉಸಿರು 8–16, ಜ್ವರಮಾಪಕ 37.5ರಿಂದ 38.5 ಡಿಗ್ರಿ. ಎತ್ತರದಲ್ಲಿ ಮೊದಲೆರಡು ಸ್ವಲ್ಪ ಏರುತ್ತವೆ. ದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಒಸಡು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು.

ಶೂಲೆಯ ಲಕ್ಷಣ: ಮೇವು ಮೂಸದಿರುವುದು, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಹೊರಳುವುದು, ಲದ್ದಿ ನಿಲ್ಲುವುದು. ಹೇರು ಇಳಿಸಿ, ಕಾಳು ನಿಲ್ಲಿಸಿ, ಮೆಲ್ಲಗೆ ನಡೆಸಿ. ಸುಮ್ಮನೆ ಮಲಗಿದ್ದರೆ ಮಲಗಲಿ; ಜೋರಾಗಿ ಹೊರಳುತ್ತಿದ್ದರೆ ಎಬ್ಬಿಸಬೇಕು. ಬಾಯಿಗೆ ಎಣ್ಣೆ, ಸಾರಾಯಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ನಾಡಿ 60 ದಾಟಿ ಇಳಿಯದಿದ್ದರೆ ಅದು ದಾರಿಯಲ್ಲಿ ವಾಸಿಯಾಗುವ ಕಾಯಿಲೆಯಲ್ಲ. ಪಾಸ್ ದಾಟಿರದಿದ್ದರೆ ಒಬ್ಬರನ್ನು ಕಿಬ್ಬರ್‌ಗೆ ಓಡಿಸಿ ಪಶುವೈದ್ಯರನ್ನು ಸಂಪರ್ಕಿಸಬೇಕು.

ಪೆಟ್ಟಿಗೆಯಲ್ಲಿ ಪೊವಿಡೋನ್ ಅಯೋಡಿನ್, ಉಪ್ಪುನೀರಿನ ಬಾಟಲಿ, ಹತ್ತಿ, ಅಗಲ ಬ್ಯಾಂಡೇಜು, ನೊಣ ತಡೆಯುವ ಮುಲಾಮು, ಜ್ವರಮಾಪಕ, ಗೊರಸು ಕೆರೆಯುವ ಕೊಕ್ಕೆ, ಲಾಳ ಬಿದ್ದ ಗೊರಸಿಗೆ ಸುತ್ತಲು ದಪ್ಪ ಟೇಪು ಇರಲಿ. ನೋವಿಗೆ ಪಶುವೈದ್ಯರು ಪ್ರಮಾಣ ಬರೆದುಕೊಟ್ಟ ಮೆಲಾಕ್ಸಿಕ್ಯಾಮ್. ಡೈಕ್ಲೋಫೆನಾಕ್ ಮುಟ್ಟಬೇಡಿ. ಪಶುಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿದೆ. ಅದನ್ನು ಪಡೆದ ಪ್ರಾಣಿ ಸತ್ತರೆ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಕುದುರೆಗಳಿಗೆ ಧನುರ್ವಾಯು ಬಹುಬೇಗ ತಗಲುತ್ತದೆ, ಲಸಿಕೆ ಆಗಿದೆಯೇ ಎಂದು ಹೊರಡುವ ಮೊದಲೇ ಕೇಳಿ. ಮೂಗಿನಿಂದ ಅಂಟಾದ ಹಳದಿ ಸಿಂಬಳ, ಚರ್ಮದ ಮೇಲೆ ಸಾಲಾಗಿ ಗಂಟು ಹುಣ್ಣು ಕಂಡ ಕುದುರೆಯನ್ನು ಗೊತ್ತುಮಾಡಲೇಬೇಡಿ. ಅದು ಗ್ಲಾಂಡರ್ಸ್ ಇರಬಹುದು, ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ.

ಕುಲ್ಲು, ಕಾಶ್ಮೀರ, ಸಿಕ್ಕಿಂನ ಹಸಿರು ದಾರಿಗೆ ಹೋಗುವವರಿಗೆ ಇನ್ನೊಂದು ಮಾತು: ಹಸಿದ ಹೊಟ್ಟೆಯಲ್ಲಿ ಕುದುರೆಯನ್ನು ರೋಡೋಡೆಂಡ್ರಾನ್ ಪೊದೆ, ನೀಲಿ ಹೂವಿನ ವತ್ಸನಾಭಿ ಬೆಳೆದ ಕಡೆ ಬಿಡಬೇಡಿ. ಎರಡೂ ವಿಷ. ಮೊದಲು ಬಾಯಿಂದ ಜೊಲ್ಲು ಸುರಿಯುತ್ತದೆ, ಆಮೇಲೆ ಕಾಲು ತಡವರಿಸುತ್ತದೆ.

ಪ್ರಶ್ನೆ: ಚಾರಣಿಗರಲ್ಲೇ ಒಬ್ಬರಿಗೆ ಎತ್ತರದ ಕಾಯಿಲೆಯಾದರೆ ಕುದುರೆ ಉಪಯೋಗಕ್ಕೆ ಬರುತ್ತದೆಯೇ? (ಮಂಗಳೂರಿನ ಓದುಗರು)

ಉತ್ತರ: ಬರುತ್ತದೆ, ಕೂರುವ ಜೀನು ಇದ್ದರೆ ಮಾತ್ರ. ಪಲ್ಲಣದ ಮರದ ಚೌಕಟ್ಟಿನ ಮೇಲೆ ರೋಗಿಯನ್ನು ಗಂಟೆಗಟ್ಟಲೆ ಕೂರಿಸಲಾಗದು. ಹೊರಡುವಾಗಲೇ ರಿಕಾಪು ಸಹಿತ ಒಂದು ಜೀನನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸಿ. ದಿನಸಿ, ಕಾಳು ಮುಗಿಯುತ್ತ ಬಂದಂತೆ ಒಂದು ಕುದುರೆ ಖಾಲಿಯಾಗುತ್ತದೆ. ಮೊದಲೆರಡು ದಿನ ಹಾಗಾಗುವುದಿಲ್ಲ, ಆಗ ರೋಗಿಯನ್ನು ಕೂರಿಸಬೇಕಾದರೆ ಒಂದು ಕುದುರೆಯ ಮೂಟೆಗಳನ್ನು ದಾರಿಯಲ್ಲೇ ಕಲ್ಲು ಹೇರಿ ಮುಚ್ಚಿಟ್ಟು ಹೋಗಬೇಕು. ಹಿಂಜರಿಯಬೇಡಿ.

ಉಸಿರಾಟದ ತೊಂದರೆಯಿರುವವರು ನೆಟ್ಟಗೆ ಕೂತು ಇಳಿಯುವುದು ನಡೆಯುವುದಕ್ಕಿಂತ ಒಳ್ಳೆಯದು, ಶ್ರಮದಿಂದ ಶ್ವಾಸಕೋಶದ ನೀರು ಹೆಚ್ಚುತ್ತದೆ. ತೂರಾಡುವ, ಮಾತು ತೊದಲುವ ರೋಗಿಯನ್ನು ಎರಡೂ ಪಕ್ಕದಿಂದ ಇಬ್ಬರು ಹಿಡಿದುಕೊಂಡೇ ಸಾಗಬೇಕು. ಪ್ರಜ್ಞೆ ಇಲ್ಲದವರನ್ನು ಕುದುರೆಗೆ ಹಾಕುವಂತಿಲ್ಲ, ಡೇರೆಯ ಕೋಲು ಬಟ್ಟೆಯಿಂದ ಡೋಲಿ ಮಾಡಿ ಹೊರಬೇಕು. ಈ ದಾರಿಯಲ್ಲಿ ದಿಕ್ಕಿನ ತೀರ್ಮಾನ ಬಹಳ ಮುಖ್ಯ. ಪಾಸ್‌ಗೆ ಮೊದಲು ಕಾಯಿಲೆಯಾದರೆ ಕಿಬ್ಬರ್‌ಗೇ ಮರಳಿ. ದಾಟಿದ ಮೇಲೆ ಕಣಿವೆ ತೀರಾ ನಿಧಾನವಾಗಿ ಇಳಿಯುತ್ತದೆ, ತ್ಸೊ ಮೊರಿರಿಯೇ 4,500 ಮೀಟರ್ ಮೇಲಿದೆ. ಆಚೆ ಹೋದರೆ ಬೇಗ ತಗ್ಗಿಗೆ ಇಳಿದುಬಿಡಬಹುದು ಎಂಬ ಎಣಿಕೆ ಫಲಿಸುವುದಿಲ್ಲ. ಆದ್ದರಿಂದ ಬೊರೊಗೆನ್‌ನಲ್ಲಿ ಯಾರಿಗಾದರೂ ತಲೆನೋವು, ವಾಂತಿ ಇದ್ದರೆ ಮರುದಿನ ಬೆಳಗ್ಗೆ ಪಾಸ್ ಏರಬೇಡಿ. ಆ ಬರಡು ಬಿಡಾರದಲ್ಲಿ ಕಾಯುವುದು ಕುದುರೆಗಳಿಗೂ ಹಸಿವು; ಥಲ್ತಕ್‌ಗೆ ಇಳಿದು ಕಾಯಿರಿ, ಅಲ್ಲಿ ರೋಗಿಗೂ ಗಾಳಿ ಹೆಚ್ಚು, ಕುದುರೆಗೂ ಹುಲ್ಲಿದೆ.